ವೃತ್ತದೊಳಗಿನ ತೆರವು

ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಸಮೂಹನೃತ್ಯವೆಂದರೆ ಒಂದು ಕಥೆ, ನಾಲ್ಕು ವೇಷ, ಕೊನೆಗೊಂದು ಜಯಘೋಷ ಎಂಬ ವಾಡಿಕೆ ಬೇರೂರಿಬಿಟ್ಟಿದೆ. ಮಡಿಕೇರಿಯ ನನ್ನ ವಿದ್ಯಾರ್ಥಿನಿಯರು ಕೋವಿಡ್ ಮಹಾಮಾರಿಯನ್ನು ವಸ್ತುವಾಗಿ ಆರಿಸಿಕೊಂಡು, ಅಭ್ಯಾಸ ನೋಡಲು ನನ್ನನ್ನು ಕರೆದಾಗ ಕಂಡದ್ದೂ ಅದೇ. ಮುಳ್ಳುಕಿರೀಟ ತೊಟ್ಟ ರೋಗಾಣು ರಂಗವನ್ನೆಲ್ಲ ಸುತ್ತಿತು. ಬಿಳಿಯ ನಿಲುವಂಗಿಯ ವೈದ್ಯೆ ಸೂಜಿಯಿಂದ ಅದನ್ನು ಇರಿದಳು. ಹತ್ತು ಜನ ಕೈಯೆತ್ತಿ ನಿಂತರು. ಅಚ್ಚುಕಟ್ಟಾಗಿಯೇನೋ ಇತ್ತು. ಆದರೆ ಆರೋಗ್ಯ ಇಲಾಖೆಯ ಭಿತ್ತಿಪತ್ರವೊಂದು ಗೋಡೆಯಿಂದಿಳಿದು ಕುಣಿದಂತಿತ್ತು.

ಭರತನು ನಾಟ್ಯಶಾಸ್ತ್ರದಲ್ಲಿ 108 ಕರಣಗಳನ್ನು ಎಣಿಸಿದ್ದಾನೆ. ಕೈ ಕಾಲುಗಳು ಒಡಗೂಡಿದ ಚಲನೆಯೇ ಕರಣ. ಹಾಡಿಗೆ ಪಲ್ಲವಿ ಹೇಗೋ ಸಮೂಹನೃತ್ಯಕ್ಕೆ ಒಂದೆರಡು ಮೂಲಚಲನೆಗಳು ಹಾಗೆ. ಅವು ಮತ್ತೆ ಮತ್ತೆ ಬರಬೇಕು, ಬಂದಾಗಲೆಲ್ಲ ತುಸು ಬೇರೆಯಾಗಿ ಬರಬೇಕು. ಮಹಾಮಾರಿಯ ಕುಣಿತಕ್ಕೆ ಬೇಕಾದ ಚಲನೆ ಯಾವ ಶಾಸ್ತ್ರದಲ್ಲಿ ಸಿಕ್ಕೀತು? ಅನುಭವಿಸಿದ ಮೈಯಿಂದಲೇ ಅದನ್ನು ಹೆಕ್ಕಬೇಕು.

ನಾನು ಕೇಳಿದ್ದು ಇಷ್ಟೆ: “2020ರಲ್ಲಿ ನಿಮ್ಮ ಕೈಗಳು ಏನು ಮಾಡುತ್ತಿದ್ದವು?” ಆಗ ಅವರೆಲ್ಲ ಶಾಲೆಯ ಮಕ್ಕಳು. ಒಬ್ಬಳು ಗೇಟಿನ ಬಳಿ ಅಕ್ಕಿಯ ಚೀಲವಿಟ್ಟು ಮೂರು ಹೆಜ್ಜೆ ಹಿಂದೆ ಸರಿದಳು. ಇನ್ನೊಬ್ಬಳು ಮೊಣಕೈಯಿಂದ ಬಾಗಿಲು ನೂಕಿದಳು. ಮಾಕುಟ್ಟದ ಗಡಿರಸ್ತೆಗೆ ಮಣ್ಣು ಸುರಿದಾಗ ಆಚೆಯ ನಂಟರಿಂದ ದೂರವಾದವಳು ತುದಿಗಾಲಲ್ಲಿ ನಿಂತು ಇಣುಕಿದಳು. ಮತ್ತೊಬ್ಬಳು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ಬಲಗೈಯನ್ನು ಎದೆಯ ತನಕ ಎತ್ತಿ ಅಲ್ಲಿಯೇ ತಡೆದಳು. ಮುಗಿಯಲೂ ಇಲ್ಲ, ಬೀಸಲೂ ಇಲ್ಲ. 2021ರ ಮೇ ತಿಂಗಳಲ್ಲಿ ಅವಳ ಅಜ್ಜನನ್ನು ಒಯ್ದ ವಾಹನವನ್ನು ಅವಳು ಅಂಗಳದಿಂದಲೇ ನೋಡಿದ್ದಳು. ಸಾವಿನ ಮನೆಗೆ ಊರೇ ನೆರೆಯುವ ಈ ನಾಡಿನಲ್ಲಿ, ಆ ಅಜ್ಜನ ಹಿಂದೆ ಹೋದವರು ರಕ್ಷಾಕವಚ ತೊಟ್ಟ ನಾಲ್ವರು ಅಪರಿಚಿತರು.

ಮುಳ್ಳುಕಿರೀಟವನ್ನು ಅಂದೇ ಮೂಲೆಗಿಟ್ಟೆವು.

ಎರಡನೆಯ ಚಲನೆ ಹುತ್ತರಿಯ ಮಂದಿನಿಂದ ಬಂತು. ಅಲ್ಲಿ ವೃತ್ತದಲ್ಲಿ ನಡೆವ ಕೋಲಾಟದ ಜೀವವೆಲ್ಲ ಕೋಲಿಗೆ ಕೋಲು ತಾಗುವುದರಲ್ಲಿದೆ. ನಮ್ಮವರ ಕೋಲುಗಳು ತಾಗಲು ಒಂದು ಗೇಣು ಇರುವಂತೆಯೇ ನಿಲ್ಲತೊಡಗಿದವು. ಸದ್ದು ಬರಬೇಕಾದಲ್ಲಿ ಬರುವುದಿಲ್ಲ. ನೋಡುವವರ ಕಿವಿ ಚಡಪಡಿಸುತ್ತದೆ. ಉಮ್ಮತ್ತಾಟನ್ನೂ ಸೇರಿಸೋಣವೆಂದರು ಕೆಲವರು. ಕಾವೇರಮ್ಮನಿಗೆ ಸಲ್ಲುವ ಆಟವನ್ನು ರೋಗದ ಕಥೆಗೆ ಒಗ್ಗಿಸುವುದು ನನಗೆ ಸರಿದೋರಲಿಲ್ಲ. ತಂಡದ ಕೊಡವ ಹುಡುಗಿಯರೂ ಬೇಡವೆಂದರು.

ರೋಗಕ್ಕೂ ಕುಣಿತಕ್ಕೂ ಈ ಊರಿನಲ್ಲಿ ಹಳೆಯ ನಂಟುಂಟು. ಸಾಂಕ್ರಾಮಿಕವೊಂದು ಮಡಿಕೇರಿಯನ್ನು ಕಾಡಿದಾಗ ಹಾಲೇರಿ ಅರಸರ ಕಾಲದಲ್ಲಿ ಮಾರಿಯಮ್ಮನ ಕರಗ ಮೊದಲಾಯಿತೆಂದು ಪ್ರತೀತಿ. ಇಂದಿಗೂ ದಸರೆಯಲ್ಲಿ ಪಂಪಿನಕೆರೆಯಿಂದ ನಾಲ್ಕು ಕರಗಗಳು ಹೊರಟು ಊರನ್ನು ಸುತ್ತುತ್ತವೆ. 2020ರಲ್ಲಿ ದಸರೆಯೇ ಸರಳವಾಯಿತು. ಊರನ್ನು ರೋಗದಿಂದ ಕಾಯಲೆಂದು ಹುಟ್ಟಿದ ಉತ್ಸವ ರೋಗದ ಭಯಕ್ಕೇ ಜನವಿಲ್ಲದೆ ನಡೆಯಬೇಕಾಯಿತಲ್ಲ ಎಂದು ನಾನು ಆಗ ಮರುಗಿದ್ದೆ.

ನಿಜವಾದ ಜಗಳ ಹುಟ್ಟಿದ್ದು ಬೇರೊಂದು ಪ್ರಶ್ನೆಯಿಂದ. ಹತ್ತು ಜನರ ವೃತ್ತದಿಂದ ಒಬ್ಬಳು ಹೊರನಡೆದಾಗ ಉಳಿದವರೇನು ಮಾಡಬೇಕು? ಒತ್ತಿ ನಿಂತು ಮುಚ್ಚಿಬಿಡೋಣ, ಇಲ್ಲದಿದ್ದರೆ ಯಾರೋ ಹೆಜ್ಜೆ ಮರೆತರೆಂದು ಜನ ನಗುತ್ತಾರೆ ಎಂದರು ಹುಡುಗಿಯರು. ನನಗೆ ಪಂಪನ ನೆನಪಾಯಿತು. 941ರ ಆದಿಪುರಾಣದಲ್ಲಿ ನೀಲಾಂಜನೆ ಕುಣಿಯುತ್ತಿರುವಾಗಲೇ ಆಯುಷ್ಯ ತೀರಿ ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಅವಳಂಥವಳನ್ನೇ ಮರುಕ್ಷಣ ನಿಲ್ಲಿಸುತ್ತಾನೆ. ಸಭೆ ಕಾಣಲಿಲ್ಲ, ಆದಿದೇವ ಕಂಡ. ವರ್ಷವರ್ಷವೂ ಈ ಪಾಠ ಹೇಳುವಾಗ ಇಂದ್ರನ ಚಾತುರ್ಯವನ್ನು ಮೆಚ್ಚಿ ಮುಂದೆ ಸಾಗುತ್ತಿದ್ದ ನನಗೆ, ಈ ಸಲ ಅವನ ಮೇಲೆ ಸಿಟ್ಟು ಬಂತು. ನಾವು ಮಾಡಿದ್ದೂ ಅದನ್ನೇ ಅಲ್ಲವೆ? ಶಾಲೆ ತೆರೆಯಿತು, ಸಂತೆ ನೆರೆಯಿತು. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ 2021ರಲ್ಲಿ ಬರಿದಾದ ಕುರ್ಚಿಗೆ ಬೇರೊಬ್ಬರು ಬಂದರು. ಎರಡು ವಾರ ಅವರನ್ನು ಹೋದವರ ಹೆಸರಿನಿಂದಲೇ ಕರೆದು ನಾಲಗೆ ಕಚ್ಚಿಕೊಂಡೆ. ಮೂರನೆಯ ವಾರ ತಪ್ಪಲಿಲ್ಲ. ಆ ತಪ್ಪದ ನಾಲಗೆಯೇ ಈಗ ನನ್ನನ್ನು ಚುಚ್ಚುತ್ತಿದೆ.

ತೆರವನ್ನು ಹಾಗೆಯೇ ಉಳಿಸಿದೆವು. ಇಲ್ಲದವಳ ಕಡೆಗೂ ಕೋಲು ನೀಡಿಯೇ ಮುಂದಿನ ಹೆಜ್ಜೆ. ಸ್ಪರ್ಧೆಯೊಂದರಲ್ಲಿ ತೀರ್ಪುಗಾರರು ಮುಕ್ತಾಯ ಸ್ಪಷ್ಟವಿಲ್ಲವೆಂದು ಅಂಕ ಕಡಿದರು. ನೃತ್ಯಕ್ಕೆ ‘ಸಂದೇಶ’ದ ಅಂಕಣವಿಟ್ಟು ತೂಗುವವರಲ್ಲಿ ನನ್ನ ಬಿನ್ನಹವೊಂದೇ: ಆ ಅಂಕಣವನ್ನು ಹೊಡೆದುಹಾಕಿ, ಮಕ್ಕಳ ಮೈ ನೆನಪಿಟ್ಟದ್ದನ್ನು ನೋಡಿ. ಆದರೆ ಇನ್ನೊಬ್ಬರ ದುಃಖವನ್ನು ಅಡವು ಮಾಡಿಕೊಳ್ಳುವ ಮೊದಲು ಅವರನ್ನು ಕೇಳಬೇಕೆಂಬುದನ್ನು ನಾನೂ ತಡವಾಗಿಯೇ ಕಲಿತೆ. ಅರ್ಧ ಎತ್ತಿದ ಆ ಕೈಯನ್ನು ಬಳಸಿಕೊಳ್ಳಲೇ ಎಂದು ಆ ಹುಡುಗಿಯನ್ನು ಕೇಳಿದಾಗ ಅಭ್ಯಾಸ ಶುರುವಾಗಿ ವಾರವಾಗಿತ್ತು.

“ಎಲ್ಲರೂ ಮಾಡಲಿ ಸಾರ್. ನಾನು ಮಾಡುವುದಿಲ್ಲ” ಎಂದಳು.

ಅವಳು ದುಡಿ ಹಿಡಿದು ರಂಗದ ಬದಿಯಲ್ಲಿ ಕುಳಿತಳು. ಕೋಲುಗಳು ತಾಗದೆ ನಿಲ್ಲುವ ಮಾತ್ರೆ ಬಂದಾಗಲೆಲ್ಲ, ನಾವು ಯಾರೂ ಹೇಳದೆಯೇ, ಅವಳೂ ಕೈ ತಡೆಯುತ್ತಿದ್ದಳು.