ಹೊಲದ ಫೋಟೊಗೆ ರೈತನ ಡೇಟಾ

ಬೀದರ್: ಔರಾದ್ ಹಾಗೂ ಭಾಲ್ಕಿ ತಾಲ್ಲೂಕುಗಳಲ್ಲಿ ಜೂನ್‌ನಲ್ಲಿ ಬಿತ್ತಿದ ಹೆಸರು ಬೆಳೆ ಆಗಸ್ಟ್ ಅಂತ್ಯದ ವೇಳೆಗೆ ರಾಶಿಗೆ ಬರುತ್ತದೆ. ಅಷ್ಟರೊಳಗೆ ಬೆಳೆಯ ಫೋಟೊ ಸರ್ಕಾರದ ಸರ್ವರ್ ಸೇರದಿದ್ದರೆ ಮತ್ತೆ ತೆಗೆಯಲು ಹೊಲದಲ್ಲಿ ಬೆಳೆಯೇ ಇರುವುದಿಲ್ಲ.

ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಸಮೀಕ್ಷೆ ಆ್ಯಪ್ ಅನ್ನು ರಾಜ್ಯ ಸರ್ಕಾರ 2020ರ ಮುಂಗಾರಿನಲ್ಲಿ ಜಾರಿಗೆ ತಂದಿತು. ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ, ಹಾನಿ ಪರಿಹಾರ ಇವೆಲ್ಲಕ್ಕೂ ಈ ದತ್ತಾಂಶವೇ ಆಧಾರವಾಗುತ್ತದೆ. 2025ರ ಆಗಸ್ಟ್–ಸೆಪ್ಟೆಂಬರ್‌ನ ಅತಿವೃಷ್ಟಿ ಹಾಗೂ ಮಾಂಜ್ರಾ ಪ್ರವಾಹದಲ್ಲಿ ಉದ್ದು, ಸೋಯಾಬಿನ್ ಕಳೆದುಕೊಂಡ ಜಿಲ್ಲೆಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ಕೆಲಸ ಮಾಡುವಂತೆ ಆ್ಯಪ್ ರೂಪಿಸಿರುವುದು ಮೆಚ್ಚತಕ್ಕ ಸಂಗತಿ. ಗ್ರಾಮದ ನಕ್ಷೆ, ಮಾಲೀಕರ ವಿವರಗಳನ್ನು ಮೊದಲೇ ಇಳಿಸಿಕೊಂಡರಾಯಿತು. ಸ್ಥಳ ಗುರುತಿಸುವ ಜಿಪಿಎಸ್‌ಗಾಗಲಿ ಕ್ಯಾಮೆರಾಕ್ಕಾಗಲಿ ಡೇಟಾ ಬೇಕಿಲ್ಲ. ಫೋಟೊ ಫೋನ್‌ನಲ್ಲಿಯೇ ಉಳಿದು, ಸಂಪರ್ಕ ದೊರೆತಾಗ ಅಪ್‌ಲೋಡ್ ಮಾಡಬಹುದು. ತೊಡಕಿರುವುದು ಈ ಕೊನೆಯ ಹಂತದಲ್ಲಿ.

2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ, 28 ದಿನಗಳಿಗೆ ಒಟ್ಟು 2 ಜಿಬಿ ನೀಡುವ ಜಿಯೊ ಯೋಜನೆ 155 ರೂಪಾಯಿಯಿಂದ 189ಕ್ಕೂ, ಏರ್‌ಟೆಲ್ ಯೋಜನೆ 179ರಿಂದ 199ಕ್ಕೂ ಏರಿತು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 73 ಎಂಬಿ. ಕುಗ್ಗಿಸದ ಒಂದು ಫೋಟೊ ಸಾಮಾನ್ಯವಾಗಿ 3–4 ಎಂಬಿ ಇರುತ್ತದೆ. ತೊಗರಿಯ ನಡುವೆ ಉದ್ದು, ಸೋಯಾ ಹಾಕುವುದು ಇಲ್ಲಿನ ರೂಢಿ. ನಾಲ್ಕು ಹಿಸ್ಸಾಗಳಿದ್ದರೆ ಎಂಟು ಫೋಟೊ. ಅರ್ಧಕ್ಕೆ ನಿಂತ ಅಪ್‌ಲೋಡ್ ಮತ್ತೆ ಮೊದಲಿನಿಂದ ಶುರುವಾದರೆ ದಿನದ ಡೇಟಾದ ಬಹುಪಾಲು ಅಲ್ಲಿಯೇ ಮುಗಿಯುತ್ತದೆ. ಒಬ್ಬ ರೈತ ಇದನ್ನು ಹೇಗೋ ನಿಭಾಯಿಸಿಯಾನು. ಇಡೀ ಊರಿನ ಹೊಲಗಳನ್ನು ಸುತ್ತಿ, ರೈತರ ಪರವಾಗಿ ಸಮೀಕ್ಷೆ ಮಾಡುವ ಖಾಸಗಿ ನಿವಾಸಿ ಯುವಕರ ಪಾಡು ಬೇರೆ.

ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಆ್ಯಪ್ ಹಾಜರಾತಿ ಕಡ್ಡಾಯವಾದಾಗಲೂ ದಿನಕ್ಕೆರಡು ಬಾರಿ ಕೂಲಿಕಾರರ ಫೋಟೊ ಕಳುಹಿಸುವ ಹೊರೆ ಮೇಟಿಗಳ ಫೋನ್ ಮೇಲೆ ಬಿದ್ದಿತ್ತು.

ಸರ್ಕಾರಿ ಆ್ಯಪ್‌ಗಳ ಬಳಕೆಯನ್ನಾದರೂ ಉಚಿತಗೊಳಿಸಬಾರದೇ ಎಂಬ ಪ್ರಶ್ನೆ ಸಹಜ. ಆದರೆ ಬಳಸುವ ವಿಷಯಕ್ಕೆ ತಕ್ಕಂತೆ ಡೇಟಾಕ್ಕೆ ಬೇರೆ ಬೇರೆ ದರ ವಿಧಿಸುವುದನ್ನು ಟ್ರಾಯ್ 2016ರ ಫೆಬ್ರುವರಿಯಲ್ಲಿಯೇ ನಿಷೇಧಿಸಿದೆ. ಗ್ರಾಮೀಣ ಗ್ರಾಹಕರಿಗೆ ತಿಂಗಳಿಗೆ 100 ಎಂಬಿ ಉಚಿತ ಡೇಟಾ ನೀಡಬಹುದೆಂದು ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಶಿಫಾರಸು ಮಾಡಿದ್ದೂ ಉಂಟು.

ಹೀಗಿರುವಾಗ ಹೊರೆ ಇಳಿಸಬೇಕಾದವರು ಆ್ಯಪ್ ರೂಪಿಸುವವರೇ. ಬೆಳೆ ಗುರುತಿಸಲು 100–150 ಕೆಬಿಯ ಫೋಟೊ ಸಾಕು. ವಾಟ್ಸ್‌ಆ್ಯಪ್ ಕೂಡ ಫೋಟೊ ಕುಗ್ಗಿಸಿಯೇ ಕಳುಹಿಸುತ್ತದೆ. ನಿಂತ ಅಪ್‌ಲೋಡ್ ನಿಂತಲ್ಲಿಂದಲೇ ಮುಂದುವರಿಯಬೇಕು. ಸಮೀಕ್ಷೆಯ ನಡುವೆ ಹೊಸ ಆವೃತ್ತಿ ಇಳಿಸಿಕೊಳ್ಳುವ ಒತ್ತಾಯ ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೊ ಇನ್ನೂ ಫೋನ್‌ನಲ್ಲಿದೆಯೋ ಸರ್ವರ್ ತಲುಪಿದೆಯೋ ಎಂಬುದು ಹೆಸರು ರಾಶಿಯಾಗುವ ಮುನ್ನವೇ ರೈತನಿಗೆ ಎಸ್‌ಎಂಎಸ್ ಮೂಲಕ ಕನ್ನಡದಲ್ಲಿ ತಿಳಿಯಬೇಕು. ಅದಕ್ಕೆ ಡೇಟಾ ಬೇಕಿಲ್ಲ.