ಹಳೆಯ ಬ್ರಾಂದಿ ಔಷಧಿಯೇ? ಫ್ರಾನ್ಸಿನ ಕೋನ್ಯಾಕ್ ಪೀಪಾಯಿಯಿಂದ ನಮ್ಮ ಫ್ಯಾಮಿಲಿ ಗ್ರೂಪಿನವರೆಗೆ

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಈ ಅರ್ಥದ ಸಂದೇಶವೊಂದು ಓಡಾಡತೊಡಗುತ್ತದೆ: "ಬೇರೆ ಮದ್ಯ ಕೆಟ್ಟದ್ದು, ಬ್ರಾಂದಿ ಮಾತ್ರ ದ್ರಾಕ್ಷಿಯಿಂದ ಮಾಡಿದ ಔಷಧಿ. ಹಳೆಯದಾದಷ್ಟೂ ಒಳ್ಳೆಯದು. ಶೀತಕ್ಕೆ ದೊಡ್ಡವರಿಗೆ ಎರಡು ಚಮಚ, ಮಕ್ಕಳಿಗೆ ಎರಡು ಹನಿ."

ಕಳೆದ ವರ್ಷ ನಮ್ಮ ಗ್ರೂಪಿಗೂ ಇದು ಬಂತು. ಅಕ್ಕನ ಏಳು ತಿಂಗಳ ಮಗುವಿಗೆ ಮೂಗು ಕಟ್ಟಿತ್ತು. ಸಂದೇಶ ಕಳಿಸಿದವರು ಪ್ರೀತಿಯಿಂದಲೇ ಕಳಿಸಿದ್ದರು. ನಮ್ಮ ಅಜ್ಜಿಯ ಬೀರುವಿನಲ್ಲೂ ನೋವಿನ ಮುಲಾಮಿನ ಪಕ್ಕ ಒಂದು ಚಿಕ್ಕ ಬ್ರಾಂದಿ ಬಾಟಲಿ ಇರುತ್ತಿತ್ತು. ಹಾಗಾಗಿ "ಅದು ಸುಳ್ಳು" ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಈ ನಂಬಿಕೆ ಎಲ್ಲಿಂದ ಬಂತು, ಅದರಲ್ಲಿ ನಿಜ ಎಷ್ಟು ಎಂದು ನೋಡೋಣ. ಅದಕ್ಕೆ ಬ್ರಾಂದಿಯ ಅತಿ ಪ್ರಸಿದ್ಧ ಊರಿಗೇ ಹೋಗಬೇಕು.

ಕೋನ್ಯಾಕ್ ಎಂದರೇನು?

ಕೋನ್ಯಾಕ್ ನೈಋತ್ಯ ಫ್ರಾನ್ಸಿನಲ್ಲಿ ಶಾರಾಂತ್ ನದಿಯ ದಡದಲ್ಲಿರುವ ಒಂದು ಪಟ್ಟಣ. ಆ ಸುತ್ತಲಿನ ಗೊತ್ತುಪಡಿಸಿದ ಪ್ರದೇಶದಲ್ಲಿ, ಗೊತ್ತುಪಡಿಸಿದ ವಿಧಾನದಲ್ಲಿ ತಯಾರಾದ ದ್ರಾಕ್ಷಿ ಬ್ರಾಂದಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಪ್ರದೇಶದ ಗಡಿಯನ್ನು 1909ರಲ್ಲೇ ಕಾನೂನಿನಿಂದ ಗುರುತಿಸಲಾಯಿತು. ನಮ್ಮ ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆಗೆ ಇರುವ ಭೌಗೋಳಿಕ ಸೂಚಕದಂಥದ್ದೇ ವ್ಯವಸ್ಥೆ ಇದು.

ಬಳಸುವುದು ಬಹುಪಾಲು 'ಉನ್ಯಿ ಬ್ಲಾಂ' ಎಂಬ ಬಿಳಿ ದ್ರಾಕ್ಷಿ. ಅದರಿಂದ ಬರುವ ವೈನ್ ಹುಳಿ, ಸಪ್ಪೆ. ಮದ್ಯಸಾರ ಸುಮಾರು ಶೇ. 9ರಷ್ಟು. ಅದನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಕಾಯಿಸಿ ಭಟ್ಟಿ ಇಳಿಸುತ್ತಾರೆ. ಎರಡನೇ ಸಲ ಬರುವ ಸ್ಪಿರಿಟ್ ನೀರಿನಂತೆ ತಿಳಿ, ಅದರಲ್ಲಿ ಮದ್ಯಸಾರ ಶೇ. 70ರ ಆಸುಪಾಸು. ಕೊಯ್ಲಿನ ಮರುವರ್ಷದ ಮಾರ್ಚ್ 31ರೊಳಗೆ ಈ ಕೆಲಸ ಮುಗಿಯಬೇಕು. ನಂತರ ಅದು ಓಕ್ ಮರದ ಪೀಪಾಯಿ ಸೇರುತ್ತದೆ.

ಡಚ್ಚರು ಇಂಥ ಪಾನೀಯವನ್ನು 'ಸುಟ್ಟ ವೈನ್' ಎಂಬ ಅರ್ಥದಲ್ಲಿ 'ಬ್ರಾಂಡೆವೈನ್' ಎಂದರು. 'ಬ್ರಾಂದಿ' ಬಂದದ್ದು ಅಲ್ಲಿಂದ.

ನಂಬಿಕೆ 1: ದ್ರಾಕ್ಷಿಯ ಸತ್ವವೆಲ್ಲ ಅದರಲ್ಲಿದೆ

ಇಲ್ಲ. ಭಟ್ಟಿ ಇಳಿಸುವುದೆಂದರೆ ಆವಿಯಾಗುವುದನ್ನು ಮಾತ್ರ ಹಿಡಿದು ತಣಿಸುವುದು. ಮದ್ಯಸಾರ, ಸ್ವಲ್ಪ ನೀರು, ಕೆಲವು ಸುವಾಸನೆಯ ಅಂಶಗಳು ಆವಿಯಾಗಿ ಮೇಲೇರುತ್ತವೆ. ದ್ರಾಕ್ಷಿಯ ಸಕ್ಕರೆ, ಖನಿಜ, ಬಣ್ಣದ ಅಂಶಗಳು ಹಂಡೆಯ ತಳದಲ್ಲೇ ಉಳಿಯುತ್ತವೆ. ಹಣ್ಣಿನ ಸತ್ವ ಬೇಕಿದ್ದರೆ ಹಣ್ಣು ತಿನ್ನುವುದೇ ದಾರಿ.

ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ಬ್ರಾಂದಿ ಎಂಬ ಲೇಬಲ್ ಹೊತ್ತು ಬರುವ ಅಗ್ಗದ ಬಾಟಲಿಗಳಲ್ಲಿ ಹೆಚ್ಚಿನ ಪಾಲು ಕಬ್ಬಿನ ಕಾಕಂಬಿಯಂಥ ಮೂಲದಿಂದ ಬಂದ ಸ್ಪಿರಿಟ್ ಇರುವುದು ಸಾಮಾನ್ಯ. ಅಂದರೆ "ದ್ರಾಕ್ಷಿಯದ್ದು" ಎಂಬ ಮಾತೇ ಎಷ್ಟೋ ಸಲ ನಿಲ್ಲುವುದಿಲ್ಲ.

ನಂಬಿಕೆ 2: ಬೀರುವಿನಲ್ಲಿಟ್ಟಷ್ಟೂ ಬಾಟಲಿ ಹಳೆಯದಾಗಿ ಮಾಗುತ್ತದೆ

ಬ್ರಾಂದಿ ಮಾಗುವುದು ಮರದಲ್ಲಿ, ಗಾಜಿನಲ್ಲಿ ಅಲ್ಲ. ಪೀಪಾಯಿಯ ಓಕ್ ಮರ ಬಣ್ಣ, ಟ್ಯಾನಿನ್, ವೆನಿಲ್ಲಾದಂಥ ಪರಿಮಳ ಬಿಟ್ಟುಕೊಡುತ್ತದೆ; ಮರದ ರಂಧ್ರಗಳಿಂದ ಗಾಳಿ ಒಳಸೇರಿ ನಿಧಾನಕ್ಕೆ ರುಚಿ ಬದಲಾಗುತ್ತದೆ. ಅದೇ ರಂಧ್ರಗಳಿಂದ ಸ್ಪಿರಿಟ್ ಆವಿಯಾಗಿ ಹೋಗುತ್ತದೆ. ವರ್ಷಕ್ಕೆ ಸುಮಾರು ಶೇ. 2ರಷ್ಟಾಗುವ ಈ ನಷ್ಟಕ್ಕೆ ಅಲ್ಲಿಯವರು 'ದೇವತೆಗಳ ಪಾಲು' ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: 100 ಲೀಟರ್ 25 ವರ್ಷದಲ್ಲಿ ಸುಮಾರು 60 ಲೀಟರಿಗೆ, 50 ವರ್ಷದಲ್ಲಿ ಸುಮಾರು 36 ಲೀಟರಿಗೆ ಇಳಿಯುತ್ತದೆ. ಹಳೆಯ ಕೋನ್ಯಾಕ್ ದುಬಾರಿಯಾಗಲು ಇದೊಂದು ಮುಖ್ಯ ಕಾರಣ. ಆ ಆವಿಯನ್ನೇ ಉಂಡು ಬೆಳೆಯುವ ಒಂದು ಶಿಲೀಂಧ್ರ ಅಲ್ಲಿನ ಗೋದಾಮುಗಳ ಗೋಡೆ, ಹೆಂಚುಗಳನ್ನು ಕಪ್ಪಾಗಿಸಿದೆ.

ಇನ್ನು ಮಾಗುವುದು ಸಾಕು ಎನಿಸಿದಾಗ ಸ್ಪಿರಿಟ್ಟನ್ನು ದೊಡ್ಡ ಗಾಜಿನ ಜಾಡಿಗಳಿಗೆ ತುಂಬಿಸಿಡುತ್ತಾರೆ. ಗಾಜಿಗೆ ಸೇರಿದ ಮೇಲೆ ವಯಸ್ಸು ಅಲ್ಲಿಗೇ ನಿಂತಿತು. ನಿಮ್ಮ ತಾತ 1980ರಲ್ಲಿ ಕೊಂಡ, 4 ವರ್ಷ ಮಾಗಿದ ಬಾಟಲಿಗೆ ಇವತ್ತೂ 4 ವರ್ಷವೇ.

ನಂಬಿಕೆ 3: ಬಣ್ಣ ಗಾಢವಾದರೆ ಹಳೆಯದು, 'ನೆಪೋಲಿಯನ್' ಎಂದಿದ್ದರೆ ಅವನ ಕಾಲದ್ದು

ಕೋನ್ಯಾಕ್‌ಗೆ ಬಣ್ಣಕ್ಕಾಗಿ ಕ್ಯಾರಮೆಲ್ ಸೇರಿಸಲು ನಿಯಮದಲ್ಲೇ ಅವಕಾಶವಿದೆ. ಹಾಗಾಗಿ ಬಣ್ಣ ನೋಡಿ ವಯಸ್ಸು ಹೇಳಲಾಗದು. ಇದಕ್ಕೆ ಒಳ್ಳೆಯ ಉದಾಹರಣೆ ಜಾರ್ನಾಕ್ ಪಟ್ಟಣದ ದೆಲಮ್ಯಾಂ ಎಂಬ ಹಳೆಯ ಮನೆತನದ ಸಂಸ್ಥೆ. 18ನೇ ಶತಮಾನದಲ್ಲಿ ಐರ್ಲೆಂಡಿನಿಂದ ಬಂದ ಜೇಮ್ಸ್ ದೆಲಮ್ಯಾಂ ಅಲ್ಲಿ ವ್ಯಾಪಾರಕ್ಕೆ ಇಳಿದ. ಈಗಿನ ಸಂಸ್ಥೆಯ ಆರಂಭ 1824ರಲ್ಲಿ. ಅವರು ತಮ್ಮ ಸ್ಪಿರಿಟ್ಟನ್ನು ಹಲವು ಸಲ ಬಳಸಿದ ಹಳೆಯ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಹಳೆಯ ಮರ ಬಣ್ಣ ಕಡಿಮೆ ಬಿಡುತ್ತದೆ. ಅವರ ಪ್ರಸಿದ್ಧ ಕೋನ್ಯಾಕ್‌ನ ಹೆಸರೇ 'ಪೇಲ್ ಅಂಡ್ ಡ್ರೈ'. ದೀರ್ಘ ಕಾಲ ಮಾಗಿಯೂ ಅದರ ಬಣ್ಣ ತಿಳಿಯೇ.

ಲೇಬಲ್ಲಿನ ಅಕ್ಷರಗಳಿಗೆ ನಿಯಮದ ಅರ್ಥವಿದೆ. ಮಿಶ್ರಣದಲ್ಲಿರುವ ಅತಿ ಎಳೆಯ ಸ್ಪಿರಿಟ್ 'ವಿಎಸ್'ಗೆ ಕನಿಷ್ಠ 2 ವರ್ಷ, 'ವಿಎಸ್‌ಒಪಿ'ಗೆ 4 ವರ್ಷ, 'ನೆಪೋಲಿಯನ್'ಗೆ 6 ವರ್ಷ ಮಾಗಿರಬೇಕು. 'ಎಕ್ಸ್‌ಒ'ಗೆ 2018ರವರೆಗೆ 6 ವರ್ಷ ಇತ್ತು, ಈಗ 10. ನೆಪೋಲಿಯನ್ ಎಂಬುದು ಒಂದು ದರ್ಜೆಯ ಹೆಸರು, ಅಷ್ಟೇ. ಮತ್ತು ಈ ನಿಯಮಗಳು ಕೋನ್ಯಾಕ್‌ಗೆ ಅನ್ವಯಿಸುವವು. ಬೇರೆಡೆಯ ಬಾಟಲಿಯ ಮೇಲೆ ಇವೇ ಅಕ್ಷರ ಕಂಡರೆ ಅದೇ ವಯಸ್ಸು ಎಂದು ತಿಳಿಯಬೇಡಿ.

ನಂಬಿಕೆ 4: ಬ್ರಾಂದಿ ಮೈ ಬೆಚ್ಚಗಾಗಿಸಿ ಶೀತ ಓಡಿಸುತ್ತದೆ

ಬೆಚ್ಚಗೆನಿಸುವುದು ನಿಜ, ಬೆಚ್ಚಗಾಗುವುದು ಸುಳ್ಳು. ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿ ರಕ್ತ ಚರ್ಮದ ಬಳಿ ಹರಿಯುವುದರಿಂದ ಹಿತವೆನಿಸುತ್ತದೆ. ಆದರೆ ಅದೇ ದಾರಿಯಲ್ಲಿ ದೇಹದ ಒಳಗಿನ ಶಾಖ ಹೊರಹೋಗುತ್ತದೆ. ಶೀತ ತರುವ ವೈರಸ್ಸಿಗಂತೂ ಇದರಿಂದ ಏನೂ ಆಗುವುದಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದವರಿಗೆ ಕುತ್ತಿಗೆಯಲ್ಲಿ ಬ್ರಾಂದಿ ಪೀಪಾಯಿ ಹೊತ್ತು ಬರುವ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ನೋಡಿರಬಹುದು. ಅದನ್ನು ಜನಪ್ರಿಯಗೊಳಿಸಿದ್ದು ಎಡ್ವಿನ್ ಲ್ಯಾಂಡ್ಸೀರ್ 1820ರಲ್ಲಿ ಬಿಡಿಸಿದ ಒಂದು ಚಿತ್ರ. ಒಂದು ಚಿತ್ರವೂ ಇನ್ನೂರು ವರ್ಷ 'ಫಾರ್ವರ್ಡ್' ಆಗಬಲ್ಲದು!

ಹಾಗಾದರೆ ಅಜ್ಜಿ ಸುಳ್ಳು ಹೇಳಿದರೇ?

ಇಲ್ಲ. 19ನೇ ಶತಮಾನದಲ್ಲಿ ಬ್ರಾಂದಿ ನಿಜಕ್ಕೂ ಔಷಧಿಗಳ ಅಧಿಕೃತ ಪಟ್ಟಿಯಲ್ಲಿತ್ತು. ಬ್ರಿಟಿಷ್ ಔಷಧಕೋಶದಲ್ಲಿ ಅದಕ್ಕೆ ಲ್ಯಾಟಿನ್ ಹೆಸರೂ ಇತ್ತು. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ವೈದ್ಯರೇ ಅದನ್ನು ಬರೆದುಕೊಡುತ್ತಿದ್ದರು. ತಿಳಿವಳಿಕೆ ಬದಲಾದಂತೆ ಪಟ್ಟಿಯೂ ಬದಲಾಯಿತು. ಅಮೆರಿಕದ ಔಷಧಕೋಶ 1916ರಲ್ಲಿ ವಿಸ್ಕಿ, ಬ್ರಾಂದಿ ಎರಡನ್ನೂ ಕೈಬಿಟ್ಟಿತು. ಪಟ್ಟಿಯಿಂದ ಹೋದದ್ದು ಮನೆಯ ಬೀರುವಿನಿಂದ ಹೋಗಲಿಲ್ಲ.

ಇಂದು ಗೊತ್ತಿರುವುದು ಇಷ್ಟು: 30 ಎಂಎಲ್ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ. ಅದು 2 ವರ್ಷದ್ದಾಗಲಿ, 50 ವರ್ಷದ್ದಾಗಲಿ, ಯಕೃತ್ತಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮದ್ಯವು ಕ್ಯಾನ್ಸರ್‌ಕಾರಕ ಎಂದು 1988ರಲ್ಲೇ ವರ್ಗೀಕರಿಸಲಾಗಿದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಮಕ್ಕಳ ವಿಷಯ ಇನ್ನೂ ಗಂಭೀರ. ಮಗುವಿನ ಯಕೃತ್ತು ಮದ್ಯಸಾರವನ್ನು ನಿಭಾಯಿಸುವಷ್ಟು ಬಲಿತಿರುವುದಿಲ್ಲ. ಮದ್ಯಸಾರವು ಯಕೃತ್ತು ಸಕ್ಕರೆ ತಯಾರಿಸುವುದನ್ನು ತಡೆಯುತ್ತದೆ. ಶೀತದಿಂದ ಸರಿಯಾಗಿ ಹಾಲು ಕುಡಿಯದ ಮಗುವಿನ ರಕ್ತದ ಸಕ್ಕರೆ ಮೊದಲೇ ಕಡಿಮೆ ಇರಬಹುದು. ಅದು ಮತ್ತಷ್ಟು ಕುಸಿದರೆ ಅಪಸ್ಮಾರದಂತೆ ಸೆಳೆತ, ಪ್ರಜ್ಞೆ ತಪ್ಪುವುದು, ಪ್ರಾಣಾಪಾಯವೂ ಆಗಬಹುದು. "ಕುಡಿಸಿದ ಮೇಲೆ ಮಗು ಚೆನ್ನಾಗಿ ನಿದ್ದೆ ಮಾಡಿತು" ಎನ್ನುತ್ತಾರಲ್ಲ, ಅದು ಗುಣವಾದದ್ದಲ್ಲ, ಮಂಪರು. ಎದೆಗೆ, ಬೆನ್ನಿಗೆ ಉಜ್ಜುವುದೂ ಬೇಡ. ಶಿಶುವಿನ ತೆಳು ಚರ್ಮದ ಮೂಲಕವೂ ಅದು ಒಳಸೇರಬಲ್ಲದು.

ನಾವು ಮಾಡಿದ್ದು

ಅಕ್ಕ ಮಗುವನ್ನು ಮಕ್ಕಳ ವೈದ್ಯರ ಬಳಿ ಕರೆದೊಯ್ದಳು. ಅವರು ಹೇಳಿದ್ದು ಮೂಗಿಗೆ ಉಪ್ಪುನೀರಿನ ಹನಿ, ಆಗಾಗ ಎದೆಹಾಲು, ಉಸಿರಾಟದ ಮೇಲೆ ಒಂದು ಕಣ್ಣು. ನಾನು ಗ್ರೂಪಿನಲ್ಲಿ ಯಾರನ್ನೂ ಹೀಯಾಳಿಸದೆ ಬರೆದೆ: "ಇದು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದ ಮಾತು. ಈಗ ಅವರೇ ಬೇಡ ಎನ್ನುತ್ತಿದ್ದಾರೆ. ಮಗುವಿಗೆ ಹನಿಯೂ ಬೇಡ." ಸಂದೇಶ ಕಳಿಸಿದ್ದ ಅತ್ತೆ ಅದನ್ನು ಅಳಿಸಿ, ನನ್ನ ಸಾಲನ್ನು ತಮ್ಮ ಇನ್ನೊಂದು ಗ್ರೂಪಿಗೆ ಕಳಿಸಿದರು. ಬೇಕಿದ್ದರೆ ನೀವೂ ಕಳಿಸಿ.