ವೋಲ್ಟೇಜ್ ಇಳಿದಾಗ ಯಾರ ಹಸಿವು ಹೆಚ್ಚುತ್ತದೆ?

ಮುತ್ಯಾ, ಆಯಿ, ಮೊಮ್ಮಕ್ಕಳೆಲ್ಲ ಹತ್ತಿರ ಬನ್ನಿ. ಈ ವಾರ ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿರುವ ಕಪನೂರಿಗೆ ಹೋಗೋಣ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ದಾಲ್ ಮಿಲ್ಲುಗಳಿವೆ. 2019ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ತೊಗರಿ ಬೇಳೆಯಾಗುವುದು ಇಂಥ ಮಿಲ್ಲುಗಳಲ್ಲೇ. ಬೇಳೆಯ ಮಾತು ಇನ್ನೊಂದು ವಾರಕ್ಕಿರಲಿ, ಇವತ್ತು ಮಿಲ್ಲಿನ ಮೋಟಾರಿನ ಮಾತು.

ಹೊಲದಲ್ಲಿ ಬೋರ್‌ವೆಲ್ ಇರುವ ಮುತ್ಯಾನನ್ನು ಕೇಳಿ: "ಮೋಟಾರು ಯಾವಾಗ ಸುಡ್ತದ?" "ಕರೆಂಟ್ ಡಿಮ್ ಇದ್ದಾಗ" ಅನ್ನುತ್ತಾನೆ. ವಿಚಿತ್ರ ಅಲ್ಲವೇ? ವೋಲ್ಟೇಜ್ ಕಡಿಮೆಯಾದರೆ ಯಂತ್ರ ತಣ್ಣಗಿರಬೇಕಲ್ಲ!

ಇಸ್ತ್ರಿ ಪೆಟ್ಟಿಗೆ ಹಾಗೆಯೇ ಇರುತ್ತದೆ. ಪಾಪದ್ದು ಅದು, ವೋಲ್ಟೇಜ್ ಇಳಿದರೆ ಕಡಿಮೆ ಕರೆಂಟ್ ಎಳೆದು ಕಡಿಮೆ ಕಾಯುತ್ತದೆ. ಮೋಟಾರು ಮಾತ್ರ ಹಟಮಾರಿ. ನೀರೆತ್ತುವ ಕೆಲಸ ಅಷ್ಟೇ ಇರುವುದರಿಂದ ವೋಲ್ಟೇಜ್ ಕಡಿಮೆಯಾದಷ್ಟೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಅದರ ತಂತಿಯ ಸುರುಳಿ ಸುಡುತ್ತದೆ.

ಇದೇ ಹಟ ಇರುವ ಇನ್ನೊಂದು ಯಂತ್ರವಿದೆ. ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ 2009ರಲ್ಲಿ ಶುರುವಾಯಿತು. ಅದರ ಲೆಕ್ಕದ ಪುಸ್ತಕಕ್ಕೆ ಹೊಸ ಪುಟ ಸೇರಿಸಲು ಜಗತ್ತಿನ ತುಂಬ ಯಂತ್ರಗಳು ಒಂದು ಸಂಖ್ಯೆ ಹುಡುಕುವ ಪೈಪೋಟಿ ನಡೆಸುತ್ತವೆ. ಗೆದ್ದವರಿಗೆ ಹೊಸ ನಾಣ್ಯ. ಇದಕ್ಕೆ ಮೈನಿಂಗ್ ಎನ್ನುತ್ತಾರೆ. ಶಹಾಬಾದ್ ಕಲ್ಲಿನ ಗಣಿಗೂ ಇದಕ್ಕೂ ಹೆಸರಿನಷ್ಟೇ ನಂಟು!

ಆಂಟ್‌ಮೈನರ್ ಎಸ್-19 ಎಂಬ ಯಂತ್ರ ಸುಮಾರು 3,250 ವ್ಯಾಟ್ ಎಳೆಯುತ್ತದೆ. ಅಂದರೆ ಮೂರು ಇಸ್ತ್ರಿ ಪೆಟ್ಟಿಗೆಗಳನ್ನು ಹಗಲು ರಾತ್ರಿ ಆರಿಸದೆ ಇಟ್ಟಂತೆ. ದಿನಕ್ಕೆ 78 ಯೂನಿಟ್. ಇಂಥವು ಸಾವಿರಗಟ್ಟಲೆ ಸೇರಿದರೆ ಏನಾದೀತು? ಇರಾನ್ ದೇಶ 2021ರ ಬೇಸಿಗೆಯಲ್ಲಿ ವಿದ್ಯುತ್ ಸಾಲದೆ ಕೆಲವು ತಿಂಗಳು ಮೈನಿಂಗನ್ನೇ ನಿಷೇಧಿಸಿತು.

ಈಗ ಲೆಕ್ಕ ಮಾಡೋಣ, ಪೆನ್ಸಿಲ್ ತನ್ನಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 3,250 ಭಾಗಿಸು 230, ಸುಮಾರು 14. ಮನೆಯ ದೊಡ್ಡ ಪವರ್ ಪ್ಲಗ್ 16 ಆಂಪಿಯರಿನದು, ಹೇಗೋ ನಡೆಯಿತು. ಏಪ್ರಿಲ್ ಬಂತು, ಓಣಿಯ ಕೂಲರುಗಳೆಲ್ಲ ಹತ್ತಿದವು, ವೋಲ್ಟೇಜ್ 200ಕ್ಕೆ ಇಳಿಯಿತು ಅನ್ನಿ. ಯಂತ್ರದ ಪವರ್ ಸಪ್ಲೈ ಪೆಟ್ಟಿಗೆಗೆ ಅದೇ 3,250 ವ್ಯಾಟ್ ಬೇಕೇ ಬೇಕು. ಈಗ 16 ಆಂಪಿಯರನ್ನೂ ದಾಟಿತು! ಕರೆಂಟ್ ಇಮ್ಮಡಿಯಾದರೆ ತಂತಿಯ ಕಾವು ನಾಲ್ಕು ಪಟ್ಟು. ಹಾಗಾಗಿ ಈ ಎರಡು ಆಂಪಿಯರಿಗೇ ವೈರಿನ ಕಾವು ಸುಮಾರು ಮೂರನೇ ಒಂದು ಪಾಲು ಏರುತ್ತದೆ. ಹೊರಗೆ ಕಲಬುರಗಿ ಬಿಸಿಲು ಬೇರೆ.

ಇನ್ನೂ ಕಳ್ಳತನದ ಅಪಾಯ ಸಡಿಲ ಪ್ಲಗ್ಗಿನದು. ಸಾಕೆಟ್ಟಿನೊಳಗೆ ಪಿನ್ನು ಸರಿಯಾಗಿ ಕಚ್ಚಿಲ್ಲ, ಅಲ್ಲಿ 0.1 ಓಮ್ ತಡೆ ಇದೆ ಎಂದುಕೊಳ್ಳಿ. 14 ಆಂಪಿಯರ್ ಹರಿದರೆ ಆ ಒಂದು ಚುಕ್ಕೆಯಲ್ಲೇ ಸುಮಾರು 20 ವ್ಯಾಟ್ ಕಾವು. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ನಿನ ಕಾವು ಹೆಚ್ಚುಕಡಿಮೆ ಅಷ್ಟೇ! ಎಂಸಿಬಿ ಬೀಳುವುದಿಲ್ಲವೇ? ಬೀಳುವುದಿಲ್ಲ. ಕರೆಂಟ್ ಮಿತಿ ಮೀರಿದರೆ ಮಾತ್ರ ಅದು ಬೀಳುತ್ತದೆ, ಇಲ್ಲಿ ಮೀರಿಲ್ಲವಲ್ಲ. ಗೀಸರ್ ಹತ್ತು ನಿಮಿಷದಲ್ಲಿ ಆರುತ್ತದೆ, ಸಾಕೆಟ್ಟಿಗೂ ವಿರಾಮ. ಆರಿಸದ ಯಂತ್ರದ ಸಾಕೆಟ್ಟಿಗೆ ವಿರಾಮವೇ ಇಲ್ಲ. ಮೊದಲು ಪ್ಲಾಸ್ಟಿಕ್ ಹಳದಿಯಾಗುತ್ತದೆ, ಆಮೇಲೆ ಮೀನು ಕೊಳೆತಂಥ ವಾಸನೆ ಬರಬಹುದು. ಮೂಗು ಚುರುಕಾಗಿರುವ ಆಯಿಗಳು ಇದನ್ನು ಮೊದಲು ಹಿಡಿಯುತ್ತಾರೆ.

"ನಮ್ಮ ಮನ್ಯಾಗ ಮೈನಿಂಗ್ ಇಲ್ಲ" ಎನ್ನಬೇಡಿ. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಎಂಬ ಇನ್ನೊಂದು ನಾಣ್ಯ ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು. ಬೇಡವಾದ ಗ್ರಾಫಿಕ್ಸ್ ಕಾರ್ಡು, ಪವರ್ ಸಪ್ಲೈ, ಕೇಬಲ್ಲುಗಳು ಸೆಕೆಂಡ್ ಹ್ಯಾಂಡ್ ಮಾಲಾಗಿ ಬಂದವು. ಗೇಮ್ ಆಡಲು ಕಂಪ್ಯೂಟರ್ ಜೋಡಿಸುವ ಅಣ್ಣಂದಿರು ಅಗ್ಗವೆಂದು ತರುತ್ತಾರೆ. ಅದರಲ್ಲಿ ಒಂದು ಕೇಬಲ್ ಬಲು ಮೋಸದ್ದು: ಒಂದು ತುದಿ ಚಪ್ಪಟೆ ಸಾಟಾ, ಇನ್ನೊಂದು ಆರು ಪಿನ್ನಿನದು. ಸಾಟಾ ತುದಿಯ ತಾಕತ್ತು 54 ವ್ಯಾಟ್, ಆರು ಪಿನ್ನಿನ ಕಡೆ ಕಾರ್ಡು ಕೇಳಬಹುದಾದದ್ದು 75. ಕನೆಕ್ಟರ್ ಕರಗುವುದು ಇದರಿಂದಲೇ.

ಮಕ್ಕಳೇ, ಪವರ್ ಸಪ್ಲೈ ಪೆಟ್ಟಿಗೆಯ ಸ್ಕ್ರೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ 300 ವೋಲ್ಟಿಗೂ ಹೆಚ್ಚು ಹಿಡಿದುಕೊಂಡು ಕೂತಿರಬಹುದು. ಹೊಗೆ ಕಂಡರೆ ದೊಡ್ಡವರಿಗೆ ಮೇನ್ ಸ್ವಿಚ್ ಆರಿಸಲು ಕೂಗಿ ಹೇಳಿ, ನೀರು ಹಾಕಬೇಡಿ, ಹೊರಗೆ ಬಂದು 112ಕ್ಕೆ ಕರೆ ಮಾಡಿಸಿ. ಓಣಿಯಲ್ಲಿ ಪದೇ ಪದೇ ವೋಲ್ಟೇಜ್ ಇಳಿದರೆ ಜೆಸ್ಕಾಂನ 1912ಕ್ಕೆ ದೂರು ಕೊಡಿ.

ಈ ವಾರದ ಕೆಲಸ: ಮುತ್ಯಾನ ಕನ್ನಡಕ ಇಸಿದುಕೊಂಡು, ಮನೆಯ ಕೂಲರ್, ಮಿಕ್ಸರ್, ಗೀಸರ್‌ಗಳ ಚೀಟಿಯಲ್ಲಿರುವ ವ್ಯಾಟ್ ಓದಿ. 230ರಿಂದ ಭಾಗಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಯಾವ್ಯಾವುದು ಸಿಕ್ಕಿಸಿದೆಯೋ ಅವನ್ನು ಕೂಡಿಸಿ. ಸಣ್ಣ ಬೋರ್ಡಿನ ಬೆನ್ನಿಗೆ ಸಾಮಾನ್ಯವಾಗಿ 6 ಆಂಪಿಯರ್ ಎಂದೇ ಬರೆದಿರುತ್ತದೆ, ತಿರುಗಿಸಿ ನೋಡಿ. ತಿರುಗಿಸುವ ಮೊದಲು ಪ್ಲಗ್ ಕೀಳಲಿಕ್ಕೆ ಮುತ್ಯಾಗೇ ಹೇಳಿ.